ಚೂಪು ಕಿವಿಯ ಬಾಡಿಗೆ

ಪ್ರಶ್ನೆ: ನಾನು ಚಿಕ್ಕವಳಿದ್ದಾಗ ದೂರದರ್ಶನದಲ್ಲಿ ಭಾನುವಾರ ಬಾಹ್ಯಾಕಾಶದ ಹಡಗಿನ ಕಥೆ ‘ಸ್ಟಾರ್ ಟ್ರೆಕ್’ ಬರುತ್ತಿತ್ತು. ಕಥೆ ಅಷ್ಟಾಗಿ ಅರ್ಥವಾಗುತ್ತಿರಲಿಲ್ಲ, ಅನ್ಯಗ್ರಹದ, ಚೂಪು ಕಿವಿಯ ಸ್ಪಾಕ್ ಮಾತ್ರ ತಲೆಯಲ್ಲಿ ಉಳಿದುಬಿಟ್ಟ. ಈಗ ಕಾಲೇಜಿಗೆ ಹೋಗುವ ಮಗಳ ಜೊತೆ ಕೂತು ಮತ್ತೆ ನೋಡುತ್ತಿದ್ದೇನೆ. ಅವಳಿಗೆ ನಾಟಕದ ಹುಚ್ಚು. “ಈ ನಟ ಆಮೇಲೆ ಏನು ಮಾಡಿದರು ಅಮ್ಮಾ? ‘ನಾನು ಸ್ಪಾಕ್ ಅಲ್ಲ’ ಅಂತ ಪುಸ್ತಕವನ್ನೇ ಬರೆದರಂತೆ. ಹಾಗಾದರೆ ಆ ಪಾತ್ರ ಅವರ ಕೆಲಸ ಹಾಳು ಮಾಡಿತಾ?” ಎಂದು ಕೇಳುತ್ತಾಳೆ. ಏನು ಹೇಳಲಿ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಹಾಳು ಮಾಡಲಿಲ್ಲ ಎಂದು ಹೇಳಿ. ಆದರೆ ಮಾಡಬಹುದಿತ್ತು. ಅದೇ ಸೆಟ್‌ನಲ್ಲಿ ಪಕ್ಕದಲ್ಲೇ ನಿಂತು ನಟಿಸಿದ ಕೆಲವರಿಗೆ ಸಾಕಷ್ಟು ಏಟು ಬಿತ್ತು. ಸ್ಪಾಕ್ ಆದ ಲಿಯೊನಾರ್ಡ್ ನಿಮೋಯ್ ಹೇಗೆ ಪಾರಾದರು ಎಂದು ತಿಳಿಯಬೇಕಾದರೆ ಸ್ಪಾಕ್‌ಗಿಂತ ಮುಂಚಿನ ಹದಿನೈದು ವರ್ಷಗಳನ್ನು ನೋಡಬೇಕು. ಹೆಚ್ಚಿನವರು ಆ ಭಾಗವನ್ನೇ ಹಾರಿಸಿಬಿಡುತ್ತಾರೆ.

ನಿಮೋಯ್ ಹುಟ್ಟಿದ್ದು 1931ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ಉಕ್ರೇನ್ ಕಡೆಯಿಂದ ಬಂದ ಯಹೂದಿಗಳು. ಮನೆಮಾತು ಯಿಡ್ಡಿಷ್. ಅಪ್ಪನದು ಕ್ಷೌರದ ಅಂಗಡಿ. ಎಂಟನೇ ವಯಸ್ಸಿಗೇ ಹುಡುಗ ಕೇರಿಯ ನಾಟಕದಲ್ಲಿ ಬಣ್ಣ ಹಚ್ಚಿಕೊಂಡ. ಹದಿನೇಳಕ್ಕೆ ಒಂದು ಬಡ ಯಹೂದಿ ಸಂಸಾರದ ಕಥೆಯ ನಾಟಕದಲ್ಲಿ ಒಳ್ಳೆಯ ಪಾತ್ರ ಸಿಕ್ಕಿತು. ಇನ್ನು ಇದೇ ನನ್ನ ದಾರಿ ಎಂದು ಆಗಲೇ ನಿರ್ಧರಿಸಿಬಿಟ್ಟ. ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ. ಅಪ್ಪ ಕೊಟ್ಟ ಬುದ್ಧಿಮಾತು ಏನು ಗೊತ್ತಾ? ಅಕಾರ್ಡಿಯನ್ ನುಡಿಸೋದು ಕಲಿ, ಹೊಟ್ಟೆಪಾಡಿಗಾಗುತ್ತೆ ಅಂತ. ನಟನೆಯನ್ನು ನಂಬಿ ಕೂರಬೇಡ, ಕೈಯಲ್ಲೊಂದು ಕಸುಬು ಇರಲಿ ಎನ್ನುವ ಅಪ್ಪಂದಿರು ಬಾಸ್ಟನ್‌ನಲ್ಲೂ ಇದ್ದಾರೆ, ಶಿವಮೊಗ್ಗದಲ್ಲೂ ಇದ್ದಾರೆ.

ಹುಡುಗ ಅಕಾರ್ಡಿಯನ್ ಕಲಿಯಲಿಲ್ಲ. ಮನೆಮನೆಗೆ ವ್ಯಾಕ್ಯೂಮ್ ಕ್ಲೀನರ್ ಮಾರಿ ದುಡ್ಡು ಕೂಡಿಸಿ ಕ್ಯಾಲಿಫೋರ್ನಿಯಾಗೆ ರೈಲು ಹತ್ತಿದ. 1952ರಲ್ಲಿ ಸಣ್ಣ ಬಜೆಟ್ಟಿನ ಬಾಕ್ಸಿಂಗ್ ಚಿತ್ರವೊಂದರಲ್ಲಿ ಹೀರೊ ಆದರೂ ಅದು ಓಡಲಿಲ್ಲ. ಅದೇ ವರ್ಷ ಇನ್ನೊಂದು ಧಾರಾವಾಹಿ ಚಿತ್ರದಲ್ಲಿ ಮಂಗಳ ಗ್ರಹದವನ ವೇಷವನ್ನೂ ಹಾಕಿದ್ದರು. ಅದನ್ನು ನೋಡಿ ಯಾರೂ ತಿರುಗಿ ಕರೆಯಲಿಲ್ಲ. ಎರಡು ವರ್ಷ ಸೈನ್ಯದಲ್ಲಿದ್ದು ಬಂದರು. ಆಮೇಲೆ ಟ್ಯಾಕ್ಸಿ ಓಡಿಸಿದರು. ನಡುನಡುವೆ ಟಿವಿಯಲ್ಲಿ ಚಿಲ್ಲರೆ ಪಾತ್ರ: ಕೌಬಾಯ್ ಸರಣಿಗಳಲ್ಲಿ ಖಳ, ಪೊಲೀಸ್ ಸರಣಿಗಳಲ್ಲಿ ಕಳ್ಳ. ಉದ್ದ ಮುಖ, ಚೂಪು ಕೆನ್ನೆ. ಹಾಗಾಗಿ ಒಮ್ಮೆ ಮೆಕ್ಸಿಕೊದವನ ಪಾತ್ರ, ಒಮ್ಮೆ ಅಮೆರಿಕದ ಮೂಲನಿವಾಸಿಯ ಪಾತ್ರ. ಒಳ್ಳೆಯವನ ಪಾತ್ರ ಮಾತ್ರ ವಿರಳ. ಈ ದಿನಗಳಲ್ಲೇ ಜೆಫ್ ಕೋರಿ ಎಂಬ ಗುರುಗಳ ಹತ್ತಿರ ನಟನೆ ಕಲಿತರು. ಕಲಿತದ್ದಲ್ಲದೆ ಬೇರೆಯವರಿಗೆ ಕಲಿಸಿದರು ಕೂಡ.

ಸ್ಟಾರ್ ಟ್ರೆಕ್‌ಗೆ ಮುಂಚೆ ಎರಡು ವಾರ ದಾಟಿದ ನಟನೆಯ ಕೆಲಸವೇ ತನಗೆ ಸಿಕ್ಕಿರಲಿಲ್ಲ ಎಂದು ನಿಮೋಯ್ ಹಲವು ಸಲ ಹೇಳಿಕೊಂಡಿದ್ದಾರೆ. ಮೇಕಪ್ ರೂಮಿನ ಬಾಗಿಲ ಮೇಲೆ ಅಲ್ಲಿಯವರೆಗೆ ಇವರ ಹೆಸರನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರಂತೆ. ಕೆಲಸ ಮುಗಿದ ಮೇಲೆ ಒರೆಸಲು ಸುಲಭ, ಅಲ್ವಾ? ಪೇಂಟಿನಲ್ಲಿ ಬರೆಸಿದ್ದು ಸ್ಪಾಕ್ ಆದ ಮೇಲೇ. ಆಗ ಇವರಿಗೆ 35 ವರ್ಷ, ಇಬ್ಬರು ಮಕ್ಕಳು. ಮಗಳಿಗೆ ಈ ಸೀಮೆಸುಣ್ಣದ ವಿಷಯ ಮರೆಯದೆ ಹೇಳಿ. ಮುಂದೆ ಇವರು ಮಾಡಿದ ಪ್ರತಿಯೊಂದರ ಹಿಂದೆಯೂ ಆ ಸೀಮೆಸುಣ್ಣದ ಭಯ ಇತ್ತು ಎಂದು ನನಗೆ ಅನ್ನಿಸುತ್ತದೆ.

ಸ್ಪಾಕ್ ಸಿಕ್ಕಿದ್ದು ಹೀಗೆ. ಸ್ಟಾರ್ ಟ್ರೆಕ್ ಹುಟ್ಟುಹಾಕಿದ ಜೀನ್ ರಾಡನ್‌ಬೆರಿ ಅದಕ್ಕೂ ಮುಂಚೆ ಸೈನ್ಯದ ಕಥೆಯ ಸರಣಿ ನಡೆಸುತ್ತಿದ್ದರು. ಅದರ ಒಂದು ಕಂತಿನಲ್ಲಿ ನಿಮೋಯ್ ನಟಿಸಿದ್ದರು, ಆ ಮುಖ ರಾಡನ್‌ಬೆರಿಗೆ ನೆನಪಿತ್ತು. 1964ರ ಕೊನೆಗೆ ಸ್ಟಾರ್ ಟ್ರೆಕ್‌ನ ಮೊದಲ ಮಾದರಿ ಕಂತು ತಯಾರಾಯಿತು. ಎನ್‌ಬಿಸಿ ವಾಹಿನಿಯವರು ಜನರಿಗೆ ಇದು ತುಂಬಾ ಬುದ್ಧಿವಂತಿಕೆಯ ಕಥೆ ಆಯಿತು ಎಂದು ತಳ್ಳಿಹಾಕಿದರು. ಕಿವಿಯವನನ್ನು ತೆಗೆದುಬಿಡಿ ಎಂದೂ ಒತ್ತಾಯ ಮಾಡಿದರು. ರಾಡನ್‌ಬೆರಿ ಒಪ್ಪಲಿಲ್ಲ. ಎರಡನೇ ಮಾದರಿ ಮಾಡುವಾಗ ಹಳೆಯ ಪಾತ್ರಗಳಲ್ಲಿ ಉಳಿದದ್ದು ಸ್ಪಾಕ್ ಒಬ್ಬನೇ.

ಆ ಮೊದಲ ಮಾದರಿ ಎಲ್ಲಾದರೂ ಸಿಕ್ಕರೆ ನೋಡಿ, ಮಜಾ ಇದೆ. ಅದರಲ್ಲಿ ಸ್ಪಾಕ್ ನಗುತ್ತಾನೆ! ಹಾಡುವ ಗಿಡ ನೋಡಿ ಹಲ್ಲು ಬಿಡುತ್ತಾನೆ, ಗಾಬರಿಯಾದಾಗ ಕಿರುಚುತ್ತಾನೆ. ತಣ್ಣಗಿನ ಬುದ್ಧಿಯ ಪಾತ್ರ ಅದರಲ್ಲಿ ಇನ್ನೊಬ್ಬರದು. ಅವಳು ಹಡಗಿನ ಎರಡನೇ ಅಧಿಕಾರಿ. ವಾಹಿನಿಯವರು ಅವಳನ್ನು ತೆಗೆಸಿದರು, ಅವಳ ತಣ್ಣಗಿನ ಗುಣ ಸ್ಪಾಕ್‌ನ ಪಾಲಿಗೆ ಬಂತು. ಸ್ಪಾಕ್ ಅಂದರೆ ಭಾವನೆ ತೋರದವನು ಎಂದು ಇಂದು ನಾವು ಹೇಳುವುದು ಹುಟ್ಟಿದ್ದು ಹೀಗೆ, ಒಬ್ಬ ಹೆಣ್ಣು ಪಾತ್ರದ ಜಾಗ ಖಾಲಿಯಾಗಿದ್ದರಿಂದ.

ಆದರೆ ಗುಣ ಕಾಗದದ ಮೇಲಿದ್ದರೆ ಸಾಲದು, ಮೈಗೆ ಬರಬೇಕು. ಸರಣಿ ಶುರುವಾದ ಹೊಸದರಲ್ಲಿ ಒಂದು ದೃಶ್ಯ. ಹಡಗಿನ ಎದುರು ಏನೋ ಅಪಾಯ ಬಂದಿದೆ, ಎಲ್ಲರೂ ಗಾಬರಿ. ನಿಮೋಯ್ ಕೂಡ ಅದೇ ಗಾಬರಿಯಲ್ಲಿ ತಮ್ಮ ಒಂದು ಪದದ ಮಾತು ಹೇಳಿದರು. ಆ ಪದಕ್ಕೆ ನಮ್ಮಲ್ಲಿ ‘ಕುತೂಹಲವಾಗಿದೆಯಲ್ಲ’ ಎನ್ನಬಹುದು. ನಿರ್ದೇಶಕ ಜೋಸೆಫ್ ಸಾರ್ಜೆಂಟ್ ತಡೆದರು. ಎಲ್ಲರ ಹಾಗೆ ಹೇಳಬೇಡಿ, ನೀವು ವಿಜ್ಞಾನಿ, ನಿಮಗೆ ಇದು ಅಪಾಯವಲ್ಲ, ನೋಡಬೇಕಾದ ವಸ್ತು ಎಂದರು. ನಿಮೋಯ್ ತಣ್ಣಗೆ, ಹುಬ್ಬು ಏರಿಸಿ ಅದೇ ಪದ ಹೇಳಿದರು. ಪಾತ್ರ ತನಗೆ ಸಿಕ್ಕಿದ್ದು ಆ ಗಳಿಗೆಯಲ್ಲಿ ಎಂದು ಅವರೇ ಬರೆದುಕೊಂಡಿದ್ದಾರೆ.

ಆಮೇಲೆ ತಾವೇ ಪಾತ್ರಕ್ಕೆ ಚೂರು ಚೂರು ಸೇರಿಸುತ್ತಾ ಹೋದರು. ಒಂದು ಕಂತಿನಲ್ಲಿ ಎದುರಾಳಿಯ ತಲೆಗೆ ಬಂದೂಕಿನ ಹಿಂಭಾಗದಿಂದ ಹೊಡೆದು ಬೀಳಿಸಬೇಕು ಎಂದು ಬರೆದಿತ್ತು. ಇದು ಕೌಬಾಯ್ ಚಿತ್ರದ ಹೊಡೆದಾಟ, ಸ್ಪಾಕ್ ಹೀಗೆ ಮಾಡಲಾರ ಎಂದರು. ಅದರ ಬದಲು ಕತ್ತು ಭುಜ ಸೇರುವಲ್ಲಿ ಬೆರಳಿಟ್ಟು ಅದುಮಿದರು. ಎದುರಾಳಿಯಾಗಿ ನಿಂತಿದ್ದ ನಾಯಕ ನಟ ವಿಲಿಯಂ ಶಾಟ್ನರ್ ದೊಪ್ಪೆಂದು ಕುಸಿದು ಬಿದ್ದರು. ಶಾಟ್ನರ್ ಅಷ್ಟು ಚೆನ್ನಾಗಿ ಬೀಳದಿದ್ದರೆ ಆ ಪಟ್ಟು ಅವತ್ತೇ ಸತ್ತುಹೋಗುತ್ತಿತ್ತು!

ಬೆರಳು ಎರಡೆರಡಾಗಿ ಬಿಡಿಸಿ ಮಾಡುವ ಆ ನಮಸ್ಕಾರವೂ ಅವರದೇ. ಚಿಕ್ಕವರಿದ್ದಾಗ ಬಾಸ್ಟನ್‌ನ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ದೇವಸ್ಥಾನದಲ್ಲಿ, ಪುರೋಹಿತರು ಆಶೀರ್ವಾದ ಮಾಡುವ ಹೊತ್ತು. ಎಲ್ಲರೂ ಕಣ್ಣು ಮುಚ್ಚಬೇಕು. ಹುಡುಗ ಕದ್ದು ನೋಡಿದ. ಪುರೋಹಿತರ ಕೈಬೆರಳು ಹೀಬ್ರೂವಿನ ‘ಶಿನ್’ ಅಕ್ಷರದ ಆಕಾರದಲ್ಲಿತ್ತು. ಇಪ್ಪತ್ತೈದಕ್ಕೂ ಹೆಚ್ಚು ವರ್ಷದ ನಂತರ, 1967ರಲ್ಲಿ ಪ್ರಸಾರವಾದ ಕಂತಿನಲ್ಲಿ, ಸ್ಪಾಕ್‌ನ ಜನ ಒಬ್ಬರನ್ನೊಬ್ಬರು ಹೇಗೆ ಮಾತಾಡಿಸುತ್ತಾರೆ ಎಂಬ ಪ್ರಶ್ನೆ ಬಂದಾಗ ಅದನ್ನು ಹೊರತೆಗೆದರು. ಪ್ರಪಂಚದ ಅರ್ಧ ಜನ ಬಾಹ್ಯಾಕಾಶದ್ದು ಅಂದುಕೊಂಡು ಮಾಡುವ ಸನ್ನೆ ಅವರ ಬಾಲ್ಯದ ದೇವಸ್ಥಾನದ್ದು.

ಇಷ್ಟಕ್ಕೆಲ್ಲ ಸಂಬಳ ಎಷ್ಟು? ಮೊದಲ ವರ್ಷ ವಾರಕ್ಕೆ 1,250 ಡಾಲರ್. ಅಭಿಮಾನಿಗಳ ಪತ್ರಗಳ ರಾಶಿ ಏರಿದಾಗ ಜಗಳವಾಡಿ ಎರಡನೇ ವರ್ಷಕ್ಕೆ 2,500 ಮಾಡಿಸಿಕೊಂಡರು. ಶುರುವಿನಲ್ಲಿ ಆ ಕಿವಿಗೆ ಹೆದರಿ ಪ್ರಚಾರದ ಪುಸ್ತಿಕೆಯಲ್ಲಿ ಚೂಪನ್ನೇ ಅಳಿಸಿ ಅಚ್ಚು ಹಾಕಿಸಿದ್ದ ವಾಹಿನಿ, ಆಮೇಲೆ ಸ್ಪಾಕ್‌ನನ್ನು ಇನ್ನೂ ಜಾಸ್ತಿ ತೋರಿಸಿ ಎನ್ನತೊಡಗಿತು. ಮೂರು ವರ್ಷವೂ ಟಿವಿಯವರ ಎಮ್ಮಿ ಪ್ರಶಸ್ತಿಗೆ ನಿಮೋಯ್ ಹೆಸರು ನಾಮನಿರ್ದೇಶನವಾಯಿತು. ಬಂದಿದ್ದು ಒಂದೂ ಇಲ್ಲ.

ಬೆಲೆಯನ್ನೂ ತೆತ್ತರು. ಬೆಳಗಿನ ಜಾವಕ್ಕೆ ಮೇಕಪ್ ಕುರ್ಚಿಗೆ ಕೂತರೆ ದಿನಕ್ಕೆ ಹನ್ನೆರಡು ಗಂಟೆ ಸ್ಪಾಕ್. ಶಾಟ್ ನಡುವೆಯೂ ಪಾತ್ರ ಬಿಡುತ್ತಿರಲಿಲ್ಲ. ಭಾನುವಾರದ ಹೊತ್ತಿಗೆ ಸ್ವಲ್ಪ ತಾವಾಗುವಷ್ಟರಲ್ಲಿ ಸೋಮವಾರ ಬಂದುಬಿಡುತ್ತಿತ್ತು. ಕುಡಿತ ಅಂಟಿದ್ದು ಆ ದಿನಗಳಲ್ಲೇ. ಶೂಟಿಂಗ್ ಮುಗಿಯುತ್ತಿದ್ದಂತೆ ಕಾಗದದ ಲೋಟದಲ್ಲಿ ಮದ್ಯ ಕೈಗೆ ಬರುತ್ತಿತ್ತು ಎಂದು ಮುಂದೆ ಅವರೇ ಬಾಯಿಬಿಟ್ಟು ಹೇಳಿದರು. ಅದರಿಂದ ಹೊರಬರಲು ಬಹಳ ವರ್ಷ ಬೇಕಾಯಿತು.

1969ರಲ್ಲಿ, 79 ಕಂತಿಗೆ, ಸರಣಿ ನಿಂತುಹೋಯಿತು. ನೋಡುವವರು ಸಾಲದು ಎಂಬುದು ವಾಹಿನಿಯ ಲೆಕ್ಕ. ಈಗ ನಿಮ್ಮ ಮಗಳ ಪ್ರಶ್ನೆಯ ಗಂಟು ಬಿಚ್ಚುವ ಜಾಗ ಬಂತು. ಸ್ಪಾಕ್ ಇವರಿಗೆ ಅಂಟಿಕೊಂಡದ್ದು ಸರಣಿ ಓಡುತ್ತಿದ್ದಾಗ ಅಲ್ಲ, ನಿಂತ ಮೇಲೆ. ಹಳೆಯ ಕಂತುಗಳನ್ನು ಊರೂರಿನ ಸಣ್ಣ ವಾಹಿನಿಗಳಿಗೆ ಮಾರಿದರು. ಅವು ಸಂಜೆ ಸಂಜೆ, ವರ್ಷಗಟ್ಟಲೆ, ಮತ್ತೆ ಮತ್ತೆ ಹಾಕಿದವು. ಹೊಸ ಹುಡುಗರು ಶಾಲೆಯಿಂದ ಬಂದು ನೋಡಿದರು. ನಿಂತ ಸರಣಿಯ ಜನಪ್ರಿಯತೆ ಬೆಳೆಯುತ್ತಾ ಹೋಯಿತು. ಆದರೆ ಆ ಕಾಲದ ಕರಾರಿನ ಪ್ರಕಾರ ನಟರಿಗೆ ದುಡ್ಡು ಮೊದಲ ಕೆಲವು ಮರುಪ್ರಸಾರಕ್ಕೆ ಮಾತ್ರ. ಆಮೇಲೆ ಮುಖ ದಿನಾ ತೆರೆಯ ಮೇಲೆ, ಜೇಬಿಗೆ ಬಿಡಿಗಾಸಿಲ್ಲ. ಹೊಸ ಕೆಲಸ ಕೇಳಲು ಹೋದರೆ, ನಿಮ್ಮನ್ನು ನೋಡಿದರೆ ಜನಕ್ಕೆ ಅದೇ ನೆನಪಾಗುತ್ತೆ ಎಂಬ ಉತ್ತರ.

ನಮ್ಮ ಕಡೆ ಇದಕ್ಕೆ ಬ್ರ್ಯಾಂಡ್ ಆಗೋದು ಅಂತಾರೆ. ‘ರಾಮಾಯಣ’ದ ನಂತರ ಅರುಣ್ ಗೋವಿಲ್ ಅವರನ್ನು ಕಂಡವರು ಕಾಲಿಗೆ ಬೀಳುತ್ತಿದ್ದರು. ಕಾಲಿಗೆ ಬೀಳುವವರು ಇರುವಾಗ ಖಳನ ಪಾತ್ರ ಕೊಡುವವರು ಯಾರು?

ಸ್ಟಾರ್ ಟ್ರೆಕ್‌ನಲ್ಲಿ ಎಂಜಿನಿಯರ್ ಪಾತ್ರ ಮಾಡಿದ್ದ ಜೇಮ್ಸ್ ಡೂಹನ್ ಅವರಿಗೆ ಕೆಲಸವೇ ಹುಟ್ಟದ ಕಾಲ ಬಂತು. ನಾಯಕ ಶಾಟ್ನರ್ ಅವರದೇ ಬಾಯಲ್ಲಿ ಕೇಳಿದರೆ, ಸರಣಿ ನಿಂತ ಮೇಲೆ ಕೆಲಕಾಲ ಟ್ರಕ್ಕಿನ ಹಿಂದಿನ ಕ್ಯಾಂಪರ್‌ನಲ್ಲಿ ಮಲಗಿ ಊರೂರಿಗೆ ನಾಟಕ ಆಡಲು ಹೋಗುತ್ತಿದ್ದರು.

ನಿಮೋಯ್ ಮಾತ್ರ ಒಂದು ವಾರವೂ ಖಾಲಿ ಕೂರಲಿಲ್ಲ ಎನ್ನಬಹುದು. ಅದೇ ಸ್ಟುಡಿಯೊದ ಇನ್ನೊಂದು ಸರಣಿ ‘ಮಿಷನ್ ಇಂಪಾಸಿಬಲ್’ನಿಂದ ಮಾರ್ಟಿನ್ ಲ್ಯಾಂಡೌ ಆಗಷ್ಟೇ ಹೊರಬಿದ್ದಿದ್ದರು. ಆ ಜಾಗಕ್ಕೆ ಇವರು ಹೋದರು. ವಾರಕ್ಕೊಂದು ವೇಷ ಹಾಕುವ ಗೂಢಚಾರನ ಪಾತ್ರ. ಸ್ಪಾಕ್‌ನನ್ನು ಮರೆಸಲು ಇದಕ್ಕಿಂತ ಒಳ್ಳೆಯದು ಏನಿದೆ? ಎರಡು ವರ್ಷ ಮಾಡಿದರು. ಆಮೇಲೆ ಬೇಸರ ಬಂತು ಎಂದು ತಾವೇ ಬಿಟ್ಟರು. ವೇಷ ಬದಲಾಗುತ್ತಿತ್ತು, ಒಳಗೆ ಮನುಷ್ಯನೇ ಇರಲಿಲ್ಲ. ಸೀಮೆಸುಣ್ಣದ ಕಾಲ ಕಂಡವರು ಕೈಲಿದ್ದ ಕೆಲಸ ಬಿಡುವುದು ಸುಮ್ನೆ ಮಾತಲ್ಲ. ಈ ಒಂದು ನಿರ್ಧಾರ ನನಗೆ ಬಹಳ ಇಷ್ಟ.

ಹೋಗಿದ್ದು ಎಲ್ಲಿಗೆ? ರಂಗಭೂಮಿಗೆ. ಇದೇ ಅವರ ವೃತ್ತಿಯ ನಿಜವಾದ ಬೆನ್ನೆಲುಬು, ಟಿವಿ ನೋಡುವವರಿಗೆ ಕಾಣದ್ದು. ‘ಫಿಡ್ಲರ್ ಆನ್ ದ ರೂಫ್’ನಲ್ಲಿ ಹಾಲು ಮಾರುವ ಟೆವ್ಯಾ ಆದರು, ಅಂದರೆ ತಮ್ಮದೇ ಅಜ್ಜಂದಿರ ಊರಿನ ಮನುಷ್ಯ. ‘ಆಲಿವರ್’ನಲ್ಲಿ ಮಕ್ಕಳಿಂದ ಜೇಬು ಕತ್ತರಿಸಿಸುವ ಫೇಗಿನ್, ‘ಕ್ಯಾಮೆಲಾಟ್’ನಲ್ಲಿ ರಾಜ ಆರ್ಥರ್. ಷರ್ಲಾಕ್ ಹೋಮ್ಸ್ ಆಗಿ ಊರೂರು ತಿರುಗಿದರು. 1977ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯಲ್ಲಿ ‘ಈಕ್ವಸ್’ ನಾಟಕದ ಮನೋವೈದ್ಯ ಆದರು. ಚಿತ್ರಕಾರ ವ್ಯಾನ್ ಗೋ ಸತ್ತ ಮೇಲೆ ಅವನ ತಮ್ಮ ಥಿಯೊ ಮಾತಾಡುವ ಏಕವ್ಯಕ್ತಿ ನಾಟಕವನ್ನು ತಾವೇ ರಂಗಕ್ಕೆ ಹೊಂದಿಸಿ ವರ್ಷಗಟ್ಟಲೆ ಆಡಿದರು. ಟಿಕೆಟ್ ಕೊಂಡವರಲ್ಲಿ ಎಷ್ಟು ಜನ ಸ್ಪಾಕ್‌ನನ್ನು ನೋಡಲು ಬಂದರೋ! ಬಂದವರು ನೋಡಿ ಹೋದದ್ದು ಥಿಯೊನನ್ನು. ಕಿವಿಯ ಬಾಡಿಗೆ ಅಂತ ನಾನು ಹೇಳುವುದು ಇದನ್ನೇ. ಕಿವಿ ಜನರನ್ನು ಬಾಗಿಲವರೆಗೆ ಕರೆತರುತ್ತಿತ್ತು, ಒಳಗೆ ಇವರು ತಮ್ಮ ಅಂಗಡಿ ನಡೆಸುತ್ತಿದ್ದರು.

ಎಲ್ಲವೂ ಚಿನ್ನವೇನಲ್ಲ. ಹಾಡಿದರು, ಅವನ್ನು ಕೇಳದಿದ್ದರೆ ನಷ್ಟವಿಲ್ಲ. 1977ರಿಂದ 1982ರವರೆಗೆ ನಿಗೂಢ ವಿಷಯಗಳ ಒಂದು ಕಾರ್ಯಕ್ರಮ ನಡೆಸಿಕೊಟ್ಟರು: ಹಾರುವ ತಟ್ಟೆ, ಬರ್ಮುಡಾ ತ್ರಿಕೋನ, ಹಿಮಮಾನವ, ಇತ್ಯಾದಿ. ತರ್ಕಕ್ಕೆ ಇನ್ನೊಂದು ಹೆಸರಾದ ದನಿ ಇಂಥ ಗಾಳಿಮಾತಿಗೆ ತೂಕ ತಂದುಕೊಟ್ಟಿತಲ್ಲ ಎಂದು ನನಗೆ ಇಂದಿಗೂ ಇರುಸುಮುರುಸು. ಬಾಡಿಗೆಗೆ ಕೊಡುವಾಗ ಬಾಡಿಗೆದಾರ ಯಾರು ಎಂದು ನೋಡಬೇಕಿತ್ತು.

ಈಗ ಆ ಪುಸ್ತಕಕ್ಕೆ ಬರೋಣ. ‘ನಾನು ಸ್ಪಾಕ್ ಅಲ್ಲ’ ಎಂಬ ಅರ್ಥದ ಹೆಸರಿನ ಪುಸ್ತಕ ಬಂದಿದ್ದು 1975ರಲ್ಲಿ. ಹೆಸರು ಹುಟ್ಟಿದ್ದು ಒಂದು ವಿಮಾನ ನಿಲ್ದಾಣದಲ್ಲಿ. ತಾಯಿಯೊಬ್ಬರು ಮಗುವನ್ನು ಎಳೆದು ತಂದು, ನೋಡು ನಿನ್ನ ಸ್ಪಾಕ್ ಎಂದರು. ಮಗು ಮುಖ ನೋಡಿತು, ಗುರುತೇ ಸಿಗಲಿಲ್ಲ. ಕಿವಿ ಇಲ್ಲ, ಹುಬ್ಬು ಇಲ್ಲ, ಇವನ್ಯಾರೋ! ಮಗು ಹೇಳಿದ್ದು ಸರಿ ಎಂದು ನಿಮೋಯ್‌ಗೆ ಅನ್ನಿಸಿತು. ಪುಸ್ತಕದೊಳಗೆ ಸಿಟ್ಟಿಲ್ಲ. ನಿಮೋಯ್ ಮತ್ತು ಸ್ಪಾಕ್ ಎದುರು ಬದುರು ಕೂತು ಹರಟುವ ಪುಟಗಳೇ ಇವೆ. ಆದರೆ ಪುಸ್ತಕ ಓದಿದವರಿಗಿಂತ ಹೊದಿಕೆ ಓದಿದವರೇ ಜಾಸ್ತಿ. ಇವರಿಗೆ ಸ್ಪಾಕ್ ಕಂಡರೆ ಆಗದು ಎಂಬ ಮಾತು ಊರೆಲ್ಲ ಹಬ್ಬಿತು.

ಆಗದ ಸಂಬಂಧ ಇದ್ದದ್ದು ಸ್ಟುಡಿಯೊ ಜೊತೆ. ಸ್ಪಾಕ್‌ನ ಮುಖ ಹಾಕಿ ಮಾರುವ ಸಾಮಾನಿನ ಪಾಲು ಕೊಡಲಿಲ್ಲ ಎಂದು ಪ್ಯಾರಾಮೌಂಟ್ ಮೇಲೆ ದಾವೆ ಹೂಡಿದರು. ಅದು ಇತ್ಯರ್ಥ ಆದ ಮೇಲೇ 1979ರ ಮೊದಲ ಸ್ಟಾರ್ ಟ್ರೆಕ್ ಸಿನಿಮಾಗೆ ಬಂದರು. (ತಲೆ ಬೋಳಿಸಿಕೊಂಡು ಆ ಚಿತ್ರದಲ್ಲಿ ನಟಿಸಿದವರು ನಮ್ಮ ಮುಂಬೈನ ಪರ್ಸಿಸ್ ಖಂಬಾಟಾ. ಮಗಳಿಗೆ ಹೇಳಿ, ಹುಡುಕಿ ನೋಡಲಿ.) ಅದಕ್ಕೂ ಮುಂಚೆ, 1973ರಲ್ಲಿ, ಸ್ಟಾರ್ ಟ್ರೆಕ್ ಕಾರ್ಟೂನ್ ಮಾಡುವವರು ಖರ್ಚು ಉಳಿಸಲು ಹಳೆಯ ಸಹನಟರಾದ ನಿಷೆಲ್ ನಿಕೋಲ್ಸ್ ಮತ್ತು ಜಾರ್ಜ್ ಟಕೇ ಅವರನ್ನು ಬಿಟ್ಟಿದ್ದರು. ಅವರಿಲ್ಲದೆ ನನ್ನ ದನಿಯೂ ಇಲ್ಲ ಎಂದರು ನಿಮೋಯ್. ಇಬ್ಬರನ್ನೂ ಕರೆಸಿಕೊಳ್ಳಬೇಕಾಯಿತು. ಕಿವಿಗೆ ಎಷ್ಟು ಬೆಲೆ ಎಂದು ಸರಿಯಾಗಿ ಗೊತ್ತಿದ್ದವರ ಮಾತು ಇದು.

1982ರ ಎರಡನೇ ಸಿನಿಮಾಗೆ ಒಪ್ಪಿಸಲು ನಿರ್ಮಾಪಕ ಹಾರ್ವ್ ಬೆನೆಟ್ ಒಂದು ಆಸೆ ತೋರಿಸಿದರು: ಭರ್ಜರಿ ಸಾವಿನ ದೃಶ್ಯ ಕೊಡುತ್ತೇನೆ, ಮಾಡುತ್ತೀರಾ? ಯಾವ ನಟ ಬೇಡ ಅನ್ನುತ್ತಾನೆ ಹೇಳಿ! ಸ್ಪಾಕ್ ಸತ್ತ, ಪ್ರೇಕ್ಷಕರು ಅತ್ತರು. ಶೂಟಿಂಗ್ ಮುಗಿಯುವ ಹೊತ್ತಿಗೆ ನಿಮೋಯ್‌ಗೇ ತಪ್ಪು ಮಾಡಿದೆನೇನೋ ಅನ್ನಿಸಿತ್ತು.

ಮೂರನೆಯದಕ್ಕೆ ಸ್ಪಾಕ್ ಬದುಕಿ ಬರಲೇಬೇಕು. ಸ್ಟುಡಿಯೊ ಕರೆಯಿತು. ನಟಿಸುತ್ತೇನೆ, ಆದರೆ ನಿರ್ದೇಶನವೂ ನನ್ನದೇ ಎಂದರು. ಟಿವಿಯಲ್ಲಿ ಕೆಲವು ಕಂತು ನಿರ್ದೇಶಿಸಿದ್ದರು ಅಷ್ಟೇ, ಸಿನಿಮಾ ಒಂದೂ ಇಲ್ಲ. ಆಗ ಪ್ಯಾರಾಮೌಂಟ್ ಮುಖ್ಯಸ್ಥರಾಗಿದ್ದ ಮೈಕೆಲ್ ಐಸ್ನರ್ ಹಿಂದೇಟು ಹಾಕಿದರು. ಕಾರಣ? ಸ್ಪಾಕ್ ಕಂಡರೆ ನಿಮಗಾಗದು, ಅವನನ್ನು ಸಾಯಿಸಬೇಕು ಎಂದು ನಿಮ್ಮ ಕರಾರಿನಲ್ಲೇ ಬರೆಸಿದ್ದೀರಂತಲ್ಲ! ನಿಮೋಯ್ ಹೇಳಿದ್ದಿಷ್ಟು: ಕರಾರುಪತ್ರ ನಿಮ್ಮದೇ ಕಟ್ಟಡದಲ್ಲಿದೆ, ತೆಗೆಸಿ ಓದಿ. ಅಂಥ ಷರತ್ತು ಅದರಲ್ಲಿ ಇರಲಿಲ್ಲ. ಒಂದು ಪುಸ್ತಕದ ಹೊದಿಕೆ ಏಳೆಂಟು ವರ್ಷದ ನಂತರ ಕೆಲಸಕ್ಕೆ ಕುತ್ತು ತರುವುದರಲ್ಲಿತ್ತು. 1995ರಲ್ಲಿ ಇನ್ನೊಂದು ಆತ್ಮಕಥೆ ಬರೆದಾಗ ‘ನಾನು ಸ್ಪಾಕ್’ ಎಂದೇ ಹೆಸರಿಟ್ಟರು.

1984ರಲ್ಲಿ ಬಂದ ಆ ಚಿತ್ರದಲ್ಲಿ ಸ್ಪಾಕ್ ಪ್ರಜ್ಞೆ ಇಲ್ಲದೆ ಮಲಗಿರುವ ದೃಶ್ಯ ಇದೆ. ಕಣ್ಣು ಮುಚ್ಚಿ ಮಲಗಿದವರು ಎದುರಿನ ನಟನನ್ನು ಹೇಗೆ ನಿರ್ದೇಶಿಸಬೇಕು? ರೆಪ್ಪೆ ಅದುರಿಸಿಯೇ ನನಗೆ ನಿರ್ದೇಶನ ಕೊಡುತ್ತಿದ್ದಾರೆ ಎಂದು ಡಿಫಾರೆಸ್ಟ್ ಕೆಲ್ಲಿ ರೇಗಿಸುತ್ತಿದ್ದರಂತೆ. ಚಿತ್ರ ಗೆದ್ದಿತು. 1986ರಲ್ಲಿ ನಾಲ್ಕನೆಯದನ್ನೂ ಇವರಿಗೇ ಕೊಟ್ಟರು. ತಿಮಿಂಗಿಲಗಳನ್ನು ಕಾಪಾಡಲು ಹಡಗಿನವರು ಸ್ಯಾನ್ ಫ್ರಾನ್ಸಿಸ್ಕೊಗೆ ಬರುವ ನಗೆಯ ಕಥೆ. ಅಮೆರಿಕದಲ್ಲೇ ಹತ್ತು ಕೋಟಿ ಡಾಲರ್ ದಾಟಿತು. ಆಮೇಲಿನದಕ್ಕೂ ಸ್ಪಾಕ್‌ಗೂ ಸಂಬಂಧವೇ ಇಲ್ಲ: ಮೂವರು ಬ್ರಹ್ಮಚಾರಿಗಳ ಕೈಗೆ ಹಸುಗೂಸು ಸಿಗುವ ‘ತ್ರೀ ಮೆನ್ ಅಂಡ್ ಎ ಬೇಬಿ’. 1987ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಗಳಿಸಿದ ಚಿತ್ರ ಅದು. ಪೋಸ್ಟರ್ ಮೇಲೆ ಹೆಸರು ಓದದೆ ನೋಡಿ ಬಂದವರೇ ಜಾಸ್ತಿ. ಅದರ ನಂತರದ ಚಿತ್ರಗಳು ಅಷ್ಟು ನಡೆಯಲಿಲ್ಲ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಕ್ಯಾಮೆರಾ ಹಿಡಿದು ಒಳ್ಳೆಯ ಛಾಯಾಗ್ರಾಹಕ ಅನ್ನಿಸಿಕೊಂಡರು, ಪುಸ್ತಕಗಳನ್ನೂ ತಂದರು. ಎಪ್ಪತ್ತು ದಾಟಿದ ಮೇಲೆ ‘ಫ್ರಿಂಜ್’ ಎಂಬ ಹೊಸ ಸರಣಿಯಲ್ಲಿ ವಿಜ್ಞಾನಿಯಾಗಿ ಬಂದರು. 2009ರ ಸಿನಿಮಾದಲ್ಲಿ ಮುದಿ ಸ್ಪಾಕ್ ಆಗಿ, ಹೊಸ ಸ್ಪಾಕ್‌ನ ಎದುರು ನಿಂತು ಪಾತ್ರವನ್ನು ದಾಟಿಸಿದರು. 2015ರ ಫೆಬ್ರವರಿ 27ರಂದು ತೀರಿಕೊಂಡಾಗ 83 ವರ್ಷ. ಸಿಗರೇಟು ಬಿಟ್ಟು ಮೂವತ್ತು ವರ್ಷವಾಗಿತ್ತು, ಶ್ವಾಸಕೋಶ ಬಿಡಲಿಲ್ಲ.

ನಿಮ್ಮ ಮಗಳಿಗೆ ನಾಟಕದ ಹುಚ್ಚು ಅಂದಿರಲ್ಲ, ಸ್ಟಾರ್ ಟ್ರೆಕ್ ಬದಿಗಿಟ್ಟು ಒಂದು ಕೆಲಸ ಮಾಡಲಿ. ‘ಕೊಲಂಬೊ’ ಎಂಬ ಪತ್ತೇದಾರಿ ಸರಣಿಯ 1973ರ ಕಂತೊಂದರಲ್ಲಿ ನಿಮೋಯ್ ಹೃದಯದ ಶಸ್ತ್ರಚಿಕಿತ್ಸಕ. ತನ್ನ ಹಿರಿಯ ವೈದ್ಯರ ಎದೆಯೊಳಗೆ ಉಳಿಯಬೇಕಾದ ಹೊಲಿಗೆಯ ಬದಲು ಕರಗಿಹೋಗುವ ದಾರ ಹಾಕಿಬಿಡುತ್ತಾನೆ. ಅದೇ ತಣ್ಣಗಿನ ದನಿ, ಅದೇ ಅಲುಗದ ಮುಖ, ಅದೇ ಲೆಕ್ಕಾಚಾರ. ಸ್ಪಾಕ್‌ನಲ್ಲಿ ನಂಬಿಕೆ ಹುಟ್ಟಿಸಿದ ಪ್ರತಿಯೊಂದೂ ಇಲ್ಲಿ ಬೆನ್ನಲ್ಲಿ ಚಳಿ ಹುಟ್ಟಿಸುತ್ತದೆ. ಯಾವತ್ತೂ ದನಿ ಏರಿಸದ ಕೊಲಂಬೊ ಇವನ ಮೇಜಿನ ಮೇಲೆ ಹೂಜಿಯನ್ನು ಕುಕ್ಕಿ ಸಿಡಿದೇಳುವ ದೃಶ್ಯವನ್ನು ಎರಡು ಸಲ ನೋಡಲು ಹೇಳಿ. ಒಂದು ಸಲ ಕೊಲಂಬೊನನ್ನು. ಇನ್ನೊಂದು ಸಲ, ಅದಕ್ಕೂ ಒಂದು ಗಳಿಗೆ ಮುಂಚೆ, ನಿಮೋಯ್ ನಗುವುದನ್ನು.